ಕೇಳಿ ನಡೆದ ದಾರಿ

ಊರ ಸಮಿತಿ ಅಂದರೆ ನನಗೆ ಮೊದಲು ನೆನಪಾಗುವುದು ಮಡಚುವ ಕಬ್ಬಿಣದ ಕುರ್ಚಿಗಳು. ಕಮ್ಯುನಿಟಿ ಹಾಲ್‌ನ ಹಿಂದಿನ ಕೋಣೆಯಲ್ಲಿ ಅವನ್ನು ಗೋಡೆಗೆ ಒರಗಿಸಿ ಇಟ್ಟಿರುತ್ತಿದ್ದರು. ಸಭೆಗೆ ಮೊದಲು ಬಂದವರು ಅವನ್ನು ಹೊತ್ತು ತಂದು ಸಾಲಾಗಿ ಹಾಕಬೇಕು. ಸಭೆ ಮುಗಿದ ಮೇಲೆ ಉಳಿದವರು ಮಡಚಿ ಒಳಗಿಡಬೇಕು. ಮೊದಲು ಬರುವವಳೂ ನಾನೇ, ಕಡೆಗೆ ಉಳಿಯುವವಳೂ ನಾನೇ. ಬೇರೆ ಸದಸ್ಯರಿಗೆ ಮಂಡಿ ನೋವು, ಸೊಂಟ ನೋವು, ಕುದುರೆಗೆ ಹುಲ್ಲು ಹಾಕುವ ಹೊತ್ತು, ಹೀಗೆ ಏನಾದರೊಂದು ಇರುತ್ತಿತ್ತು. ನನಗೂ ಒಂದು ಸೊಂಟ ಇದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ನಾನೂ ಬಾಯಿಬಿಟ್ಟು ಹೇಳಲಿಲ್ಲ.

ಮಾರ್ಗನ್ ಹಿಲ್ ದಾಟಿ ಇನ್ನಷ್ಟು ದಕ್ಷಿಣಕ್ಕೆ ಬಂದರೆ, ಫ್ರೀವೇಗೂ ಗುಡ್ಡಗಳಿಗೂ ನಡುವೆ ನಮ್ಮ ಊರು. ಒಂದು ಗ್ರೋಸರಿ, ಒಂದು ಪೋಸ್ಟ್ ಆಫೀಸು, ಈ ಹಾಲ್, ಮತ್ತೆ ಹಣ್ಣಿನ ತೋಟಗಳ ನಡುವೆ ಅಲ್ಲಲ್ಲಿ ಚದುರಿದ ಮನೆಗಳು. ಸ್ಯಾನ್ ಹೋಸೆಯಲ್ಲಿ ಮನೆ ಕೊಳ್ಳುವ ಶಕ್ತಿಯಿಲ್ಲದ ನಮ್ಮಂಥವರು ಎಂಬತ್ತರ ದಶಕದ ಶುರುವಿನಲ್ಲಿ ಇಲ್ಲಿಗೆ ಬಂದೆವು. ನನ್ನ ಗಂಡ ದಿನಾ ಫ್ರೀವೇ ಹಿಡಿದು ಸ್ಯಾನ್ ಹೋಸೆಗೆ ಹೋಗುವ ಇಂಜಿನಿಯರ್. ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ದಿನವಿಡೀ ಬೇರೆಯವರ ರಕ್ತ ನೋಡುವವಳು. ಇಬ್ಬರೂ ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಿದ್ದೆವು.

ಇದು ಸರ್ಕಾರಿ ಲೆಕ್ಕದಲ್ಲಿ ಪಟ್ಟಣವಲ್ಲ. ಮೇಯರ್ ಇಲ್ಲ, ಪೊಲೀಸ್ ಠಾಣೆ ಇಲ್ಲ. ಎಲ್ಲವನ್ನೂ ನಿರ್ಧರಿಸುವವರು ಸ್ಯಾನ್ ಹೋಸೆಯಲ್ಲಿ ಕುಳಿತ ಕೌಂಟಿಯವರು, ಅಂದರೆ ಜಿಲ್ಲಾಡಳಿತದವರು. ಅವರಿಗೆ ಸಲಹೆ ಕೊಡಲು ಊರಿನ ಐದು ಜನರ ಸಮಿತಿ. ಸಲಹೆ ಕೊಡುವುದಷ್ಟೇ ನಮ್ಮ ಅಧಿಕಾರ, ಅದನ್ನು ಕೇಳುವುದು ಬಿಡುವುದು ಅವರ ಮರ್ಜಿ. ಬಹಳ ಸಲ ಬಿಡುತ್ತಲೇ ಇದ್ದರು. ನಾನು ಸಮಿತಿಗೆ ಸೇರಿದ್ದು ದೊಡ್ಡ ಆದರ್ಶದಿಂದೇನಲ್ಲ. ಒಂದು ದಿನ ಗ್ರೋಸರಿಯಲ್ಲಿ ಈರುಳ್ಳಿ ಆರಿಸುತ್ತಿದ್ದಾಗ ಸಮಿತಿಯ ಅಧ್ಯಕ್ಷೆ ಬಂದು, ಒಂದು ಸ್ಥಾನ ಖಾಲಿ ಇದೆ, ನೀವು ಬರಬೇಕು ಅಂದರು. ಮೊದಲು ಶಾಲೆಯ ಬಸ್ಸು ಓಡಿಸುತ್ತಿದ್ದ ಗಟ್ಟಿ ಹೆಂಗಸು. ಅವರ ದನಿಯಲ್ಲಿ ಕೇಳಿದ್ದೆಲ್ಲ ಅಪ್ಪಣೆಯ ಹಾಗೆಯೇ ಇರುತ್ತಿತ್ತು. ನಾನು ಸಂಕೋಚದಿಂದ ನಕ್ಕೆ. ಅದನ್ನೇ ಅವರು ಒಪ್ಪಿಗೆ ಅಂದುಕೊಂಡರು.

ಅಲ್ಲಿ ಏನು ಮಾಡಿದೆವು ಎಂದು ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ. ಒಬ್ಬರ ಹುಂಜ ನಸುಕಿಗೇ ಕೂಗುತ್ತದೆ ಎಂಬ ದೂರನ್ನು ಮೂರು ಸಭೆಗಳಲ್ಲಿ ಎಳೆದಾಡಿದೆವು. ರಸ್ತೆಗೆ ದೀಪ ಬೇಕು ಎಂದು ಅರ್ಧ ಊರು, ದೀಪ ಬಂದರೆ ನಕ್ಷತ್ರ ಕಾಣುವುದಿಲ್ಲ ಎಂದು ಇನ್ನರ್ಧ ಊರು. ಮಳೆಗಾಲದಲ್ಲಿ ಚರಂಡಿ ಕಟ್ಟಿಕೊಂಡರೆ ಅದು ಯಾರ ಪಾಲಿನ ಕಸ ಎಂದು ಜಗಳ. ಪ್ರತಿಯೊಬ್ಬರಿಗೂ ಮೂರು ನಿಮಿಷ ಮಾತಾಡುವ ಅವಕಾಶ ಎಂದು ನಿಯಮವಿತ್ತು. ಮೂರು ನಿಮಿಷ ಎಷ್ಟು ಉದ್ದವಾಗಿರಬಹುದು ಎಂದು ನಾನು ಕಲಿತದ್ದು ಅಲ್ಲಿಯೇ. ಎಲ್ಲರೂ ಮನಸ್ಸಿನ ಕಹಿಯನ್ನೆಲ್ಲ ಕಕ್ಕಿ, ಆಮೇಲೆ ಕಾಫಿ ಕುಡಿದು, ಬೆನ್ನು ತಟ್ಟಿಕೊಂಡು ಮನೆಗೆ ಹೋಗುತ್ತಿದ್ದರು. ಕುರ್ಚಿಗಳು ಮಾತ್ರ ನನಗೆ.

ಇಷ್ಟು ಬೇಸರದ ನಡುವೆ ನನಗೆ ನಿಜವಾಗಿ ತಾಗಿದ ವಿಷಯ ಒಂದೇ ಒಂದು ಬಂತು. ಅದು ತೋಟದ ದಾರಿಯದು.

ನಮ್ಮ ಮನೆಯ ಹಿಂದೆ ಏಪ್ರಿಕಾಟ್ ತೋಟವಿತ್ತು. ತೋಟದ ನಡುವೆ, ಮರಗಳ ಎರಡು ಸಾಲಿನ ಮಧ್ಯೆ, ಒಂದು ಕಾಲುದಾರಿ. ಈ ಕಡೆ ನಮ್ಮ ಬೀದಿ, ಆ ಕಡೆ ಪೋಸ್ಟ್ ಆಫೀಸಿನ ಬೀದಿ. ನಡೆದರೆ ಹತ್ತು ನಿಮಿಷ. ತೋಟ ಬಿಟ್ಟು ರಸ್ತೆಯಲ್ಲೇ ಹೋಗುವುದಾದರೆ ಹೆದ್ದಾರಿಯನ್ನು ಸುತ್ತಿ ಬರಬೇಕು. ಅಲ್ಲಿ ನಡೆಯುವವರಿಗೆ ಜಾಗವೇ ಇಲ್ಲ, ಲಾರಿಗಳು ಮೈಗೆ ಸವರಿಕೊಂಡು ಹೋದಂತೆ ಹೋಗುತ್ತವೆ. ಕಾರಿದ್ದವರಿಗೆ ಏನೂ ತೊಂದರೆಯಿಲ್ಲ. ಕಾರಿಲ್ಲದವರು ನಮ್ಮ ಊರಲ್ಲಿ ಇಬ್ಬರೇ ಇದ್ದರು ಅಂತ ಕಾಣುತ್ತದೆ. ಒಬ್ಬರು ನನ್ನ ಅತ್ತೆ.

ಮಾವ ತೀರಿಕೊಂಡ ಮೇಲೆ ಅತ್ತೆ ಉಡುಪಿಯಿಂದ ಬಂದು ನಮ್ಮ ಜೊತೆ ಉಳಿದರು. ಅವರ ಮನೆಮಾತು ತುಳು. ನಾನು ಬೆಂಗಳೂರಿನವಳು, ಹದಿನೈದು ವರ್ಷ ಸಂಸಾರ ಮಾಡಿದರೂ ತುಳು ನನ್ನ ಬಾಯಲ್ಲಿ ಹೊರಳಲಿಲ್ಲ. ಹಾಗಾಗಿ ನನ್ನೊಂದಿಗೆ ಅವರದು ಉಡುಪಿಯ ಕನ್ನಡ. ಅವರ ಮಗ, ಅಂದರೆ ನನ್ನ ಗಂಡ, ಮನೆಗೆ ಬರುವ ಹೊತ್ತಿಗೆ ಅರ್ಧ ನಿದ್ದೆಯಲ್ಲಿರುತ್ತಿದ್ದ. ಮೊಮ್ಮಗಳು ಅಜ್ಜಿ ಹೇಳಿದ್ದೆಲ್ಲ ಅರ್ಥಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಶಾಲೆಗೆ ಓಡುತ್ತಿದ್ದಳು. ಮೊದಲ ಒಂದಷ್ಟು ತಿಂಗಳು ಅತ್ತೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ನಾನು ಬೆಳಿಗ್ಗೆ ಹೋಗುವಾಗ ಹೇಗೆ ಕೂತಿದ್ದರೋ ಸಂಜೆ ಬರುವಾಗಲೂ ಹಾಗೇ. ಅದನ್ನು ನೋಡಿ ನನಗೆ ಪಾಪ ಅನ್ನಿಸುವುದಕ್ಕಿಂತ ಹೆಚ್ಚಾಗಿ ಭಯವಾಗುತ್ತಿತ್ತು.

ಆಮೇಲೆ ಪೋಸ್ಟ್ ಆಫೀಸಿನ ಬೀದಿಗೆ ಮಂಗಳೂರಿನ ಡಾಕ್ಟರ್ ದಂಪತಿ ಬಂದರು. ಕೊಂಕಣಿ ಮಾತಾಡುವ ಕ್ರಿಸ್ತುವರು. ಗಂಡನ ತಾಯಿಯೂ ಜೊತೆಗಿದ್ದರು. ಅತ್ತೆಯಷ್ಟೇ ವಯಸ್ಸು, ಅವರಿಗೂ ಡ್ರೈವಿಂಗ್ ಬರದು, ಒಂದು ಕಿವಿ ಬೇರೆ ಮಂದ. ಕರಾವಳಿಯಲ್ಲಿ ಹಿರಿಯ ಕ್ರಿಸ್ತುವ ಹೆಂಗಸರನ್ನು ಕರೆಯುವ ಹಾಗೆ ಅತ್ತೆ ಅವರನ್ನು ಬಾಯಮ್ಮ ಅಂದರು. ಬಾಯಮ್ಮನಿಗೆ ತುಳು ನೀರು ಕುಡಿದಷ್ಟು ಸಲೀಸು. ಗ್ರೋಸರಿಯಲ್ಲಿ ಮೊದಲ ಸಲ ಸಿಕ್ಕಿದಾಗ ಆ ಇಬ್ಬರೂ ಹಾಲಿನ ಡಬ್ಬಗಳ ಮುಂದೆ ನಿಂತು ಒಂದು ಗಂಟೆ ಮಾತಾಡಿದರು. ನಾನು ಪೂರ್ತಿ ಸಾಮಾನು ಕೊಂಡು, ಕಾರಿಗೆ ತುಂಬಿ, ವಾಪಸು ಬಂದು ನೋಡಿದರೂ ಅಲ್ಲೇ ನಿಂತಿದ್ದರು.

ಮರುದಿನದಿಂದಲೇ ಅತ್ತೆ ತೋಟದ ದಾರಿ ಹಿಡಿದರು. ಸೀರೆಯ ಮೇಲೆ ಮಗನ ಹಳೆಯ ಸ್ವೆಟರು, ಕಾಲಿಗೆ ನಾನು ಕೊಡಿಸಿದ ಕ್ಯಾನ್ವಾಸು ಶೂಸು. ಬೆಳಿಗ್ಗೆ ತಿಂಡಿ ಆದ ಮೇಲೆ ಹೋದರೆ ಊಟದ ಹೊತ್ತಿಗೆ ವಾಪಸು. ಬಾಯಮ್ಮನಿಗೆ ಅಷ್ಟು ದೂರ ನಡೆಯಲಾಗುತ್ತಿರಲಿಲ್ಲ, ಹೋಗುವುದು ಯಾವಾಗಲೂ ಅತ್ತೆಯೇ. ಅಲ್ಲಿ ಬಾಯಮ್ಮನ ಅಡಿಗೆಮನೆಯಲ್ಲಿ ಕೂತು ಇಬ್ಬರೂ ಏನು ಮಾತಾಡುತ್ತಿದ್ದರೋ ನನಗೆ ಗೊತ್ತಿಲ್ಲ. ಗೊತ್ತಿದ್ದದ್ದು ಇಷ್ಟೇ: ಸಂಜೆ ನಾನು ಬಂದಾಗ ಅತ್ತೆ ಕಿಟಕಿಯ ಹತ್ತಿರ ಇರುತ್ತಿರಲಿಲ್ಲ. ಒಲೆಯ ಮುಂದೆ ನಿಂತು, ಸಾರಿಗೆ ಒಗ್ಗರಣೆ ಹಾಕುತ್ತ, ನನ್ನ ಆಸ್ಪತ್ರೆಯಲ್ಲಿ ಏನಾಯಿತು ಎಂದು ಕೇಳುತ್ತಿದ್ದರು. ಅಷ್ಟು ಮಾತಾಡಲು ಅವರಿಗೆ ಶಕ್ತಿ ಬರುತ್ತಿದ್ದದ್ದು ಆ ಹತ್ತು ನಿಮಿಷದ ದಾರಿಯಿಂದ.

ತೋಟದ ಯಜಮಾನರು ಎಂಬತ್ತು ದಾಟಿದ ಬಿಳಿಯ ಮುದುಕರು. ಅತ್ತೆಯ ಬಾಯಲ್ಲಿ ತೋಟದ ಅಜ್ಜ. ಹೆಂಡತಿ ಇಲ್ಲ, ದಾರಿಯ ಪಕ್ಕದ ಹಳೆಯ ಮರದ ಮನೆಯಲ್ಲಿ ಒಬ್ಬರೇ. ಬೆಳಗಿನ ಬಿಸಿಲಿಗೆ ಜಗಲಿಯಲ್ಲಿ ಕೂರುತ್ತಿದ್ದರು. ಅವರಿಗೂ ಅತ್ತೆಗೂ ಕೊಡುಕೊಳ್ಳುವಿಕೆ ಇದೆ ಎಂಬುದು ನನಗೆ ಗೊತ್ತಿತ್ತು. ಹಣ್ಣಿನ ಕಾಲದಲ್ಲಿ ಅವರು ಬುಟ್ಟಿ ತುಂಬ ಏಪ್ರಿಕಾಟ್ ಕೊಡುತ್ತಿದ್ದರು. ಅತ್ತೆ ಅದರಲ್ಲಿ ಬೆಲ್ಲ, ಎಳ್ಳು, ಮೆಣಸಿನಕಾಯಿ ಹಾಕಿ ಮೆಣಸ್ಕಾಯಿ ಎಂಬ ಗೊಜ್ಜು ಮಾಡಿ ಒಂದು ಬಾಟಲಿಯಲ್ಲಿ ತುಂಬಿ ಅವರಿಗೇ ಒಯ್ದು ಕೊಡುತ್ತಿದ್ದರು. ಆ ಪಾಪದ ಮನುಷ್ಯ ಅದನ್ನು ತಿಂದರೋ ಗಿಡಕ್ಕೆ ಹಾಕಿದರೋ ದೇವರಿಗೇ ಗೊತ್ತು. ಬಾಟಲಿ ಮಾತ್ರ ತೊಳೆದು ವಾಪಸು ಬರುತ್ತಿತ್ತು.

ಹೀಗೆ ಆರೇಳು ವರ್ಷ ನಡೆಯಿತು. ಆಮೇಲೆ ಅಜ್ಜನ ನೆನಪು ಕೈಕೊಡತೊಡಗಿತು. ಮಗಳು ಬಂದು ತೋಟವನ್ನು ಮನೆ ಕಟ್ಟುವ ಕಂಪನಿಯೊಂದಕ್ಕೆ ಮಾರಿ, ಅಪ್ಪನನ್ನು ದೂರದ ರಾಜ್ಯಕ್ಕೆ ಕರೆದುಕೊಂಡು ಹೋದಳು. ಅವರು ಹೋದ ವಾರವೇ ದಾರಿಯ ಎರಡೂ ತುದಿಗೆ ಹಗ್ಗ ಕಟ್ಟಿ, ಒಳಗೆ ಬರಬಾರದು ಎಂಬ ಬೋರ್ಡು ನೇತುಹಾಕಿದರು. ಅತ್ತೆ ಮತ್ತೆ ಕಿಟಕಿಯ ಹತ್ತಿರ ಕೂತರು. ಬಾಯಮ್ಮನಿಗೆ ಫೋನು ಮಾಡಿದರೆ ಅವರ ಮಂದ ಕಿವಿಗೆ ಒಂದು ಮಾತೂ ಸರಿಯಾಗಿ ಬೀಳುತ್ತಿರಲಿಲ್ಲ. ಈ ಕಡೆಯಿಂದ ಅತ್ತೆ, ಆ ಕಡೆಯಿಂದ ಅವರು, ಇಬ್ಬರೂ ಸ್ವಲ್ಪ ಹೊತ್ತು ಕೂಗಿ ಸುಸ್ತಾಗಿ ಫೋನು ಇಡುತ್ತಿದ್ದರು.

ದಾರಿ ಹೋಗುತ್ತದೆ ಎಂದು ಗೊತ್ತಾದಾಗ ಊರೆಲ್ಲ ಒಮ್ಮೆಲೇ ಎಚ್ಚೆತ್ತಿತು. ಸಭೆಗೆ ಅಷ್ಟು ಜನ ಬಂದದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಕುರ್ಚಿಗಳು ಸಾಲಲಿಲ್ಲ. ಒಬ್ಬೊಬ್ಬರೂ ಎದ್ದು ಆ ದಾರಿಯನ್ನು ಕಣ್ಣಲ್ಲಿ ನೀರು ತುಂಬಿಕೊಂಡು ಹೊಗಳಿದರು. ಹೂ ಬಿಟ್ಟಾಗಿನ ಚೆಂದ, ತಮ್ಮ ಬಾಲ್ಯ, ಊರಿನ ಆತ್ಮ, ಎಲ್ಲ ಬಂತು. ಕೌಂಟಿಯಿಂದ ಬಂದಿದ್ದ ಅಧಿಕಾರಿ ತಾಳ್ಮೆಯಿಂದ ಕೇಳಿ, ಕಾನೂನು ಏನು ಹೇಳುತ್ತದೆ ಎಂದು ವಿವರಿಸಿದರು. ಯಾರಾದರೂ ಐದು ವರ್ಷಕ್ಕಿಂತ ಹೆಚ್ಚು ಕಾಲ, ಎಲ್ಲರ ಕಣ್ಣೆದುರಿಗೆ, ಮಾಲೀಕನ ಅಪ್ಪಣೆ ಕೇಳದೆ ಆ ದಾರಿಯಲ್ಲಿ ನಡೆದು ಬಂದಿದ್ದರೆ ಅವರಿಗೆ ದಾರಿಯ ಹಕ್ಕು ಹುಟ್ಟುತ್ತದೆ. ಅಂಥವರು ಒಬ್ಬರು ಸಿಕ್ಕರೂ ಸಾಕು, ಕಂಪನಿ ದಾರಿ ಬಿಟ್ಟು ಮನೆ ಕಟ್ಟಬೇಕಾಗುತ್ತದೆ. ಅಪ್ಪಣೆ ಪಡೆದು ನಡೆದಿದ್ದರೆ ಅದು ಬರೀ ಮಾಲೀಕನ ಔದಾರ್ಯ, ಮಾಲೀಕ ಹೋದರೆ ಅದೂ ಹೋಯಿತು.

ಹಾಗಾದರೆ ಯಾರು ಯಾರು ನಡೆಯುತ್ತಿದ್ದಿರಿ, ಕೈ ಎತ್ತಿ ಅಂದರು ಅಧ್ಯಕ್ಷೆ. ದಾರಿಯನ್ನು ಹೊಗಳಿದವರೆಲ್ಲ ತಮ್ಮ ತಮ್ಮ ಶೂಗಳನ್ನು ನೋಡಿಕೊಂಡರು. ಒಬ್ಬರು ನಾಯಿಯನ್ನು ಕರೆದುಕೊಂಡು ಹೋಗುತ್ತಿದ್ದರಂತೆ, ಆದರೆ ಊರಿಗೆ ಬಂದದ್ದೇ ಈಚೆಗೆ. ಇನ್ನೊಬ್ಬರು ಚಿಕ್ಕಂದಿನಲ್ಲಿ ನಡೆದಿದ್ದರು, ಡ್ರೈವಿಂಗ್ ಲೈಸೆನ್ಸು ಸಿಕ್ಕ ಮೇಲೆ ಕಾಲಿಟ್ಟಿಲ್ಲ. ಪೋಸ್ಟ್ ಆಫೀಸಿಗೆ ಹೋಗಲೂ ಇಲ್ಲಿ ಎಲ್ಲರಿಗೂ ಕಾರೇ ಬೇಕು. ಕಡೆಗೆ ಹಿಂದಿನ ಸಾಲಿನಿಂದ ಯಾರೋ, ಸೀರೆ ಉಟ್ಟ ಆ ಹೆಂಗಸು ದಿನಾ ನಡೆಯುತ್ತಿದ್ದರಲ್ಲ ಅಂದರು. ಇಡೀ ಹಾಲ್ ನನ್ನ ಕಡೆ ತಿರುಗಿತು.

ಮುಂದಿನ ಸಭೆಯಲ್ಲಿ ಅತ್ತೆಯ ಹೇಳಿಕೆ ಪಡೆಯುವುದು ಎಂದಾಯಿತು. ನಾನು ಆ ದಿನ ಸದಸ್ಯರ ಮೇಜಿನಿಂದ ಇಳಿದು, ಬರೀ ಅತ್ತೆಯ ಮಾತನ್ನು ಇಂಗ್ಲಿಷಿಗೆ ತರುವವಳಾಗಿ ಕೂರಬೇಕು. ಕಂಪನಿಯ ವಕೀಲರೂ, ಇದು ಕೋರ್ಟಲ್ಲ, ಸೊಸೆಯಾದರೂ ಪರವಾಗಿಲ್ಲ ಎಂದು ಒಪ್ಪಿದರು. ಅತ್ತೆಗೆ ಮೊದಲೇ ಏನೂ ಹೇಳಿಕೊಡಬಾರದು ಎಂದು ಅಧ್ಯಕ್ಷೆ ನನಗೆ ಕಟ್ಟಪ್ಪಣೆ ಮಾಡಿದ್ದರು. ಹೇಳಿಕೊಡುವುದೇನಿದೆ ಎಂದು ನಾನೂ ನಿಶ್ಚಿಂತೆಯಿಂದ ಇದ್ದೆ. ಅತ್ತೆಗೆ ಬರುತ್ತಿದ್ದದ್ದು ಹಾಯ್, ಬೈ, ಥ್ಯಾಂಕ್ಯೂ ಅಷ್ಟೇ. ಆ ಬಂಡವಾಳ ಇಟ್ಟುಕೊಂಡು ಅವರು ಯಾರ ಅಪ್ಪಣೆ ಕೇಳಿಯಾರು? ದಿನಾ ನಡೆದಿದ್ದಾರೆ, ಊರೆಲ್ಲ ನೋಡಿದೆ, ಇಷ್ಟು ಸಾಕು ಅಂದುಕೊಂಡೆ. ಎಷ್ಟೋ ವರ್ಷಗಳಲ್ಲಿ ಮೊದಲ ಬಾರಿಗೆ ಈ ಸಮಿತಿಯಿಂದ ಒಂದು ಒಳ್ಳೆಯ ಕೆಲಸ ಆಗುತ್ತದೆ ಎಂಬ ಆಸೆ ನನಗೂ ಬಂದಿತ್ತು.

ಸಭೆಗೆ ಅತ್ತೆ ಮದುವೆಗೆ ಹೊರಟವರಂತೆ ರೇಷ್ಮೆ ಸೀರೆ ಉಟ್ಟರು. ಮುಂದಿನ ಸಾಲಿನಲ್ಲಿ ಬಾಯಮ್ಮ ತಮ್ಮ ಒಳ್ಳೆಯ ಕಿವಿಯನ್ನು ನಮ್ಮ ಕಡೆ ಮಾಡಿಕೊಂಡು ಕೂತಿದ್ದರು. ಮೊದಲ ಪ್ರಶ್ನೆಗಳು ಸಲೀಸಾಗಿ ಹೋದವು. ಎಷ್ಟು ವರ್ಷದಿಂದ ನಡೆದಿರಿ, ಬಾಯಮ್ಮ ಬಂದಾಗಿನಿಂದ. ದಿನಾ ನಡೆಯುತ್ತಿದ್ದಿರಾ, ಹೌದು, ಜೋರು ಮಳೆ ಇದ್ದಾಗ ಬಿಟ್ಟು. ಯಾರಾದರೂ ತಡೆದದ್ದುಂಟಾ, ಇಲ್ಲ. ಅಧ್ಯಕ್ಷೆಯ ಮುಖ ಅರಳುತ್ತಿತ್ತು. ನಾನು ಒಂದೊಂದೇ ಉತ್ತರವನ್ನು ಇಂಗ್ಲಿಷಿಗೆ ತಂದು ಇಡುತ್ತಿದ್ದೆ.

ಆಮೇಲೆ ಕಂಪನಿಯ ವಕೀಲರು ಎದ್ದರು. ಎಳೆಯ ವಯಸ್ಸಿನ, ತುಂಬ ವಿನಯದ ಹುಡುಗ. ಈ ಹಿರಿಯರು ಮಾಲೀಕರನ್ನು ಏನೂ ಕೇಳದೆಯೇ ಅವರ ಜಾಗದಲ್ಲಿ ನಡೆಯುತ್ತಿದ್ದರೇ ಎಂದು ಕೇಳಿದರು.

"ಅತ್ತೆ, ಆ ಅಜ್ಜನ್ನ ಏನೂ ಕೇಳದೇನೇ ಅವರ ತೋಟದಲ್ಲಿ ಓಡಾಡ್ತಿದ್ರಾ ಅಂತ ಕೇಳ್ತಿದಾರೆ" ಅಂದೆ.

ಅತ್ತೆಯ ಮುಖ ಕೆಂಪಾಯಿತು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದೇ ಕಡಿಮೆ.

"ಕೇಳದೆ ಹೋಗುದಾ? ಬೇರೆಯವರ ಜಾಗಕ್ಕೆ ಕೇಳದೆ ನುಗ್ಗಲಿಕ್ಕೆ ನಾನು ಎಂತ ದನವಾ?" ಅಂದರು. "ದಿನಾ ಕೇಳಿಯೇ ಹೋದದ್ದು. ಬೇಲಿ ಹತ್ರ ನಿಂತು ಕೈಮುಗಿದು ದಾರಿ ಕಡೆ ಕೈ ತೋರಿಸ್ತಿದ್ದೆ. ಅವರು ಟೊಪ್ಪಿ ತೆಗೆದು ಕೈ ಎತ್ತಿದ ಮೇಲೆಯೇ ನಾನು ಕಾಲಿಟ್ಟದ್ದು. ಅದನ್ನು ಸರಿಯಾಗಿ ಹೇಳು ಇವರಿಗೆ."

ಇದನ್ನು ನಾನು ಯಾಕೆ ಊಹಿಸಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅತ್ತೆಯ ಊರಿನಲ್ಲಿ ಮನೆಗಳು ಸಾಲಾಗಿ ಇಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ದಾರಿ ಯಾರದೋ ಗದ್ದೆಯ ಬದುವಿನ ಮೇಲೆ, ಯಾರದೋ ಅಂಗಳದ ಅಂಚಿನಲ್ಲಿ ಹೋಗುತ್ತದೆ. ಅಲ್ಲಿ ತಲತಲಾಂತರದಿಂದ ನಡೆದ ದಾರಿಯಾದರೂ ಅಂಗಳದ ಹತ್ತಿರ ಬಂದಾಗ ಒಂದು ಮಾತು ಆಡದೆ ದಾಟುವುದಿಲ್ಲ. ಒಳಗಿನವರು ಹೋಗಿ ಬನ್ನಿ ಎನ್ನುತ್ತಾರೆ. ಅದು ಅಪ್ಪಣೆಯೆಂದು ಅಲ್ಲಿ ಯಾರೂ ಅಂದುಕೊಳ್ಳುವುದಿಲ್ಲ. ಮನೆಯಲ್ಲಿ ಮನುಷ್ಯರಿದ್ದಾರೆ ಎಂದು ಗುರುತಿಸುವ ರೀತಿ ಅದು. ಮದುವೆಯಾದ ಹೊಸತರಲ್ಲಿ ಅತ್ತೆಯ ಹಿಂದೆ ನಡೆಯುತ್ತ ನಾನೇ ಕಂಡಿದ್ದೆ. ಬಂದ ದೇಶದಲ್ಲಿ ಬಾಯಿ ಇರಲಿಲ್ಲವಾದ್ದರಿಂದ ಅವರು ಕೈಯಲ್ಲಿ ಕೇಳಿದ್ದರು, ಅಷ್ಟೇ.

ಹಾಲ್‌ನಲ್ಲಿದ್ದವರಿಗೆ ಒಂದಕ್ಷರವೂ ಅರ್ಥವಾಗಿರಲಿಲ್ಲ. ಅರ್ಥವಾದದ್ದು ಬಾಯಮ್ಮನಿಗೆ ಮತ್ತು ನನಗೆ ಮಾತ್ರ. ಬಾಯಮ್ಮನಿಗೆ ಕಾನೂನು ಗೊತ್ತಿಲ್ಲ. ಸರಿಯಾಗಿ ಹೇಳಿದಿರಿ ಎಂಬಂತೆ ತಲೆದೂಗುತ್ತಿದ್ದರು. ಅಧ್ಯಕ್ಷೆ ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣಿನಲ್ಲಿ, ಇಷ್ಟು ಉದ್ದದ ಉತ್ತರಕ್ಕೆ ಇಲ್ಲ ಎಂಬ ಒಂದೇ ಪದ ಸಾಕು ಎಂಬ ಬೇಡಿಕೆ ಇತ್ತೋ, ಅಥವಾ ಅದು ನನ್ನ ಮನಸ್ಸಿನ ಆಟವೋ. ಪಕ್ಕದಲ್ಲಿ ಅತ್ತೆ, ನಾನು ತಮ್ಮ ಮರ್ಯಾದೆ ಉಳಿಸುತ್ತೇನೆ ಎಂಬ ಭರವಸೆಯಲ್ಲಿ ನೆಟ್ಟಗೆ ಕೂತಿದ್ದರು. ಅವರನ್ನು ಕೇಳದೆ ನುಗ್ಗಿದವರು ಎಂದು ಊರ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ, ದನವನ್ನು ಒಂದು ಬಿಟ್ಟು.

ವಕೀಲರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ ಅನ್ನಿಸುತ್ತದೆ. ಮಾಲೀಕರು ಜಗಲಿಯಲ್ಲಿ ಇಲ್ಲದ ದಿನ ಏನು ಮಾಡುತ್ತಿದ್ದರು ಎಂದು ಇನ್ನೊಂದು ಪ್ರಶ್ನೆ ಕೇಳಿದರು.

"ಸ್ವಲ್ಪ ಹೊತ್ತು ಕಾಯ್ತಿದ್ದೆ. ಬರದಿದ್ರೆ ವಾಪಸು ಮನೆಗೆ" ಅಂದರು ಅತ್ತೆ. "ಅವರು ಒಮ್ಮೆ ಆಸ್ಪತ್ರೆಯಲ್ಲಿ ಇದ್ರಲ್ಲ, ಆಗ ಹೋಗಲೇ ಇಲ್ಲ. ಕೇಳ್ಲಿಕ್ಕೆ ಯಾರಿದ್ರು?"

ಆ ವರ್ಷ ಚಳಿಗಾಲದಲ್ಲಿ ಅತ್ತೆ ಕೆಲವು ವಾರ ಮನೆಯಲ್ಲೇ ಇದ್ದದ್ದು ನನಗೆ ನೆನಪಿತ್ತು. ಮೊಣಕಾಲು ನೋವಿರಬೇಕು ಅಂದುಕೊಂಡು ಎಣ್ಣೆ ತಂದುಕೊಟ್ಟಿದ್ದೆ. ಅವರು ಬೇಡ ಎನ್ನದೆ ಹಚ್ಚಿಕೊಂಡಿದ್ದರು.

ಸಭೆ ಅಲ್ಲಿಗೇ ಮುಗಿದಂತಾಯಿತು. ದಾರಿ ಉಳಿಸಬೇಕು ಎಂದು ನಾವು ಕೌಂಟಿಗೆ ಸಲಹೆಯನ್ನೇನೋ ಕಳಿಸಿದೆವು. ಕೌಂಟಿಯವರು ನಮಗೆ ವಂದನೆ ತಿಳಿಸಿದರು. ಜನ ಎದ್ದು ಹೊರಡುವಾಗ ನಮ್ಮ ಕಡೆ ನೋಡದೆ ತಲೆ ತಗ್ಗಿಸಿಕೊಂಡು ಹೋದರು. ಆ ದಾರಿಯಲ್ಲಿ ಒಂದು ದಿನವೂ ನಡೆಯದವರು ಮನೆಯಲ್ಲಿ ಸಾವಾದಂತೆ ಮುಖ ಮಾಡಿಕೊಂಡದ್ದು ಕಂಡು ನನ್ನ ಮೈ ಉರಿಯಿತು. ವಕೀಲ ಹುಡುಗ ಮಾತ್ರ ನೇರವಾಗಿ ಬಂದು, ಅತ್ತೆಗೆ ಬಾಗಿ ನಮಸ್ಕರಿಸಿ, ಇಂಥ ಪ್ರಾಮಾಣಿಕರನ್ನು ತಾನು ಕಂಡಿಲ್ಲ, ದಯವಿಟ್ಟು ಇದನ್ನು ಅವರಿಗೆ ತಿಳಿಸಿ ಅಂದ. ಎಂತ ಹೇಳಿದ್ದು ಎಂದು ಅತ್ತೆ ನನ್ನನ್ನು ಕೇಳಿದರು. ಹೋಗಿ ಬರ್ತೀನಿ ಅಂದ್ರು ಅಂದೆ. ಒಳ್ಳೆ ಹುಡುಗ ಅಂದರು ಅತ್ತೆ.

ಅವತ್ತು ಕುರ್ಚಿಗಳನ್ನು ನಾನು ಮಡಚಲಿಲ್ಲ. ಹಾಗೇ ಬಿಟ್ಟು ಅತ್ತೆಯನ್ನು ಕರೆದುಕೊಂಡು ಕಾರಿಗೆ ಹೋದೆ. ಎಲ್ಲರೂ ಯಾಕೆ ಹಾಗೆ ಮುಖ ಮಾಡಿಕೊಂಡಿದ್ದರು ಎಂದು ದಾರಿಯಲ್ಲಿ ಅವರು ಕೇಳಿದಾಗ ಕಾನೂನನ್ನು ವಿವರಿಸಿದೆ. ಇಷ್ಟು ದಿನ ಅವರಿಂದ ಮುಚ್ಚಿಟ್ಟದ್ದು ಅದೊಂದೇ. ಈಗ ಮುಚ್ಚಿಟ್ಟು ಏನು ಪ್ರಯೋಜನ?

"ಕೇಳದೆ ಹೋಗಿದ್ರೆ ದಾರಿ ನಂದಾಗ್ತಿತ್ತಾ?" ಅಂದರು ಅತ್ತೆ.

"ಹೌದು ಅತ್ತೆ."

"ಇದೆಂತ ಕಾನೂನು ಮಾರಾಯ್ತಿ" ಅಂದರು. ಮನೆ ಬಂದು ಕಾರು ನಿಲ್ಲಿಸಿದ ಮೇಲೆ, ಇಳಿಯದೆ ಕೂತು, ಇನ್ನೊಂದು ಮಾತು ಹೇಳಿದರು. "ಆ ಅಜ್ಜ ಒಂದು ದಿನ ಬೇಡ ಅನ್ಲಿಲ್ಲ, ಗೊತ್ತುಂಟಾ."

ಆ ಬೇಸಿಗೆಯಲ್ಲಿ ಮರ ಕಡಿದರು. ಮಳೆಗಾಲಕ್ಕೆ ಮೊದಲು ಎತ್ತರದ ಹಲಗೆಯ ಬೇಲಿ ಬಂತು, ಆಮೇಲೆ ಬೇಲಿಯ ಆಚೆ ಒಂದೇ ಥರದ ಮನೆಗಳು ಬಂದವು. ಅತ್ತೆ ಬಾಯಮ್ಮನ ಮನೆಗೆ ಹೋಗಬೇಕಾದರೆ ಈಗ ಯಾರಾದರೂ ಕಾರಿನಲ್ಲಿ ಹೆದ್ದಾರಿ ಸುತ್ತಿ ಬಿಡಬೇಕು. ಯಾರಾದರೂ ಅಂದರೆ ನಾನು. ಡಾಕ್ಟರ್ ದಂಪತಿಗೆ ನಮಗಿಂತ ಬಿಡುವು ಕಡಿಮೆ, ನನ್ನ ಗಂಡ ಬರುವ ಹೊತ್ತಿಗೆ ಅಲ್ಲಿ ದೀಪ ಆರಿರುತ್ತಿತ್ತು. ಶನಿವಾರ ಭಾನುವಾರ ಕರೆದುಕೊಂಡು ಹೋಗುತ್ತಿದ್ದೆ. ವಾರದ ದಿನಗಳಲ್ಲಿ ಸಂಜೆ ನಾನು ಬಂದ ಮೇಲೆ ಕರೆದುಕೊಂಡು ಹೋಗುತ್ತೇನೆ, ಒಂದು ಮಾತು ಕೇಳಿ ಸಾಕು, ಅಂತ ಅತ್ತೆಗೆ ಹೇಳಿದ್ದೆ. ಮನಸ್ಸಿನಿಂದಲೇ ಹೇಳಿದ್ದೆ.

ಸಮಿತಿಯಲ್ಲಿ ನಾನು ಇನ್ನೂ ಎರಡು ವರ್ಷ ಇದ್ದೆ. ಹುಂಜ, ಚರಂಡಿ, ದೀಪ. ಹೊಸ ಮನೆಗಳವರು ತಮ್ಮ ಬೀದಿಗೆ ತೋಟದ ಹೆಸರನ್ನೇ ಇಡಬೇಕು ಎಂದು ಅರ್ಜಿ ಹಾಕಿದಾಗ ಒಂದು ಮಾತೂ ಆಡದೆ ಕೈ ಎತ್ತಿದೆ. ಜಗಳವಾಡುವ ಚೈತನ್ಯ ಮುಗಿದಿತ್ತು.

ಸಂಜೆ ಲ್ಯಾಬಿನಿಂದ ಬಂದು ಗ್ಯಾರೇಜಿನ ಬಾಗಿಲು ತೆಗೆದರೆ ಅತ್ತೆ ಎಷ್ಟೋ ದಿನ ಅಲ್ಲೇ ನಿಂತಿರುತ್ತಿದ್ದರು. ಕಾಲಲ್ಲಿ ಆ ಕ್ಯಾನ್ವಾಸು ಶೂಸು, ಮೈಮೇಲೆ ಸ್ವೆಟರು, ಕೈಯಲ್ಲಿ ಬಾಯಮ್ಮನಿಗೆಂದು ಏನಾದರೂ ಒಂದು ಡಬ್ಬಿ. ನಾನು ಕಾರಿನಿಂದ ಇಳಿಯುವುದನ್ನು, ಸೊಂಟ ಹಿಡಿದುಕೊಂಡು ನೆಟ್ಟಗಾಗುವುದನ್ನು ನೋಡುತ್ತಿದ್ದರು. ಆಮೇಲೆ, ಬಂದ್ಯಾ, ಕಾಫಿ ಮಾಡ್ತೇನೆ ಎಂದು ಹೇಳಿ ಒಳಗೆ ಹೋಗಿ ಶೂಸು ಬಿಚ್ಚುತ್ತಿದ್ದರು. ಹೋಗೋಣವಾ ಅತ್ತೆ ಎಂದು ನಾನಾಗಿ ಕೇಳಿದರೆ, ಇಲ್ಲ ಇಲ್ಲ, ಸುಮ್ಮನೆ ನಿಂತದ್ದು, ನಾಳೆ ನೋಡುವ ಅನ್ನುತ್ತಿದ್ದರು. ಗುರುತಿಲ್ಲದ, ಭಾಷೆ ಬಾರದ ಮುದುಕರೊಬ್ಬರನ್ನು ಅಷ್ಟು ವರ್ಷ ದಿನಾ ತಪ್ಪದೆ ಕೇಳಿದವರು ಅವರು. ಕೇಳಿದ್ದರೆ ನಾನೂ ಒಂದು ದಿನ ಬೇಡ ಅನ್ನುತ್ತಿರಲಿಲ್ಲ. ನನ್ನನ್ನು ಅವರು ಒಂದು ದಿನವೂ ಕೇಳಲಿಲ್ಲ.